ಅಜ್ಜಿಯ ‘ರಾಣಿ ರೂಪಾಯಿ’ ಮೇಲಿದ್ದ ರಾಜನ ಮನೆ ಲೆಕ್ಕ

1/10
ಫೋಟೋ ಸ್ವಲ್ಪ ಬ್ಲರ್ ಆಗಿದೆ, ಕ್ಷಮಿಸಿ. ಬೆಳ್ಳಿ ಹೊಳೆಯುತ್ತೆ, ನನ್ನ ಫೋನ್ ಹಳೇದು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಳ್ಳಿ ಸಾಮಾನು ತಿಕ್ಕೋ ಡ್ಯೂಟಿ ಪ್ರತಿ ವರ್ಷ ನನ್ನದೇ. ಅಜ್ಜಿ ಹತ್ರ ಒಂದು ಹಿತ್ತಾಳೆ ಡಬ್ಬಿ ಇದೆ, ಅದರಲ್ಲಿ ಏಳು ಹಳೇ ಬೆಳ್ಳಿ ರೂಪಾಯಿ. ಕಳಶದ ಮುಂದೆ ಇಡೋಕೆ ವರ್ಷಕ್ಕೊಂದು ಸಲ ಹೊರಗೆ ಬರುತ್ತೆ, ಆಮೇಲೆ ಮತ್ತೆ ಬೀರು ಸೇರುತ್ತೆ. ಎಲ್ಲಕ್ಕೂ ಅಜ್ಜಿ ಇಟ್ಟಿರೋ ಹೆಸರು ಒಂದೇ: ‘ರಾಣಿ ರೂಪಾಯಿ’.

ಈ ಸಲ ವಿಭೂತಿ ಹಚ್ಚಿ ತಿಕ್ಕುವಾಗ ನೋಡಿದೆ. ಆರರ ಮೇಲೆ ವಿಕ್ಟೋರಿಯಾ ರಾಣಿ. ಏಳನೆಯದರ ಮೇಲೆ ಗಂಡಸಿನ ಮುಖ. ‘ವಿಲಿಯಂ’ ಅಂತ ಹೆಸರು, ಪಕ್ಕದಲ್ಲಿ ಇಂಗ್ಲಿಷ್ ಐ ಅಕ್ಷರ ನಾಲ್ಕು ಸಲ, ಆಮೇಲೆ ‘ಕಿಂಗ್’. ಹಿಂದುಗಡೆ ಈಸ್ಟ್ ಇಂಡಿಯಾ ಕಂಪನಿ, ಒನ್ ರುಪೀ, 1835. ಮಧ್ಯದಲ್ಲಿ ಪಾರ್ಸಿ ಲಿಪಿಯಲ್ಲೂ ಒಂದು ರೂಪಾಯಿ ಅಂತ ಬರೆದಿದೆ.

“ಅಜ್ಜಿ, ಇದು ರಾಣಿ ಅಲ್ಲ” ಅಂದೆ. “ಯಾರಾದ್ರೇನು, ಬೆಳ್ಳಿ ಬೆಳ್ಳಿನೇ. ತಿಕ್ಕು” ಅಂದ್ರು.

ತಿಕ್ಕಿದೆ. ಆದರೆ ಆ ಮುಖ ತಲೆಯಿಂದ ಹೋಗಲಿಲ್ಲ. ಎರಡು ವಾರ ಲೈಬ್ರರಿಯಲ್ಲಿ ಕಾಸ್ಟಿಂಗ್ ಓದೋ ಟೈಮಲ್ಲಿ ಇವನ ಬಗ್ಗೆ ಓದಿದೆ. ಸ್ವೈಪ್ ಮಾಡ್ತಾ ಬನ್ನಿ.

2/10
ಮೊದಲು ನಾಣ್ಯದ ವಿಷಯ, ಯಾಕಂದ್ರೆ ನಾವು ಕಾಮರ್ಸ್‌ನವರು.

1835ಕ್ಕೆ ಮುಂಚೆ ಕಂಪನಿಯವರ ಕೈಕೆಳಗಿದ್ದ ಬಂಗಾಳ, ಮದ್ರಾಸು, ಮುಂಬಯಿ ಒಂದೊಂದು ಕಡೆ ಒಂದೊಂದು ಥರ ರೂಪಾಯಿ ಓಡ್ತಿತ್ತು. ಬಹಳಷ್ಟರ ಮೇಲೆ ಇನ್ನೂ ಮೊಘಲ್ ಬಾದಶಹರ ಹೆಸರೇ ಇತ್ತು. 1835ರಲ್ಲಿ ಕಂಪನಿ ಎಲ್ಲ ಕಡೆಗೂ ಒಂದೇ ರೂಪಾಯಿ ಅಂತ ಕಾನೂನು ಮಾಡ್ತು. 180 ಗ್ರೇನ್ ತೂಕ, ಅಂದ್ರೆ ಸುಮಾರು 11.66 ಗ್ರಾಂ. ಹನ್ನೆರಡು ಭಾಗದಲ್ಲಿ ಹನ್ನೊಂದು ಭಾಗ ಬೆಳ್ಳಿ. ಮೇಲೆ ಆಗಿನ ಬ್ರಿಟನ್ ರಾಜ ನಾಲ್ಕನೇ ವಿಲಿಯಂನ ಮುಖ.

1835 ಇಸವಿ ಹಾಕಿದ ನಾಣ್ಯವನ್ನ ಅವನು ಸತ್ತ ಮೇಲೂ ಕೆಲವು ವರ್ಷ ಟಂಕಿಸಿದ್ರು. ವಿಕ್ಟೋರಿಯಾ ಮುಖ ಬಂದಿದ್ದು 1840ರ ನಾಣ್ಯದಲ್ಲಿ.

ಇವನು ರಾಜನಾಗಿದ್ದು 1830ರಿಂದ 1837, ಬರೀ ಏಳು ವರ್ಷ. ಆ ಏಳು ವರ್ಷದಲ್ಲೇ ನಮ್ಮ ಕಡೆ ಎರಡು ದೊಡ್ಡ ಘಟನೆ ನಡೆದಿವೆ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಂಪನಿ ಕೈಗೆ ಹೋಯ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನ ಕೊಡಗು ಹೋಯ್ತು. ಅದನ್ನ ಮಾಡಿದ್ದು ಕಂಪನಿ, ವಿಲಿಯಂ ಇಲ್ಲಿಗೆ ಯಾವತ್ತೂ ಬಂದವನಲ್ಲ. ಅವನ ಮುಖ ಮಾತ್ರ ನಮ್ಮಜ್ಜಿ ಡಬ್ಬಿ ತನಕ ಬಂದಿದೆ.

3/10
ಈಗ ಮನುಷ್ಯನ ಕಥೆ.

ಹುಟ್ಟಿದ್ದು 1765ರ ಆಗಸ್ಟ್ 21, ಲಂಡನ್ನಿನ ಬಕಿಂಗ್‌ಹ್ಯಾಮ್ ಹೌಸ್‌ನಲ್ಲಿ. ಆಗ ಅದು ಅರಮನೆ ಅಲ್ಲ, ಅಪ್ಪ ಮೂರನೇ ಜಾರ್ಜ್ ಸಂಸಾರಕ್ಕೆ ಅಂತ ಕೊಂಡಿದ್ದ ಮನೆ. ಅಪ್ಪ ಅಮ್ಮನಿಗೆ ಒಟ್ಟು 15 ಮಕ್ಕಳು, ಇವನು ಮೂರನೇ ಗಂಡು. ಮೇಲೆ ಇಬ್ಬರು ಅಣ್ಣಂದಿರು ಇದ್ದಿದ್ದರಿಂದ ಇವನು ರಾಜ ಆಗ್ತಾನೆ ಅಂತ ಯಾರೂ ಅಂದ್ಕೊಂಡಿರಲಿಲ್ಲ.

ಹದಿಮೂರನೇ ವಯಸ್ಸಿಗೆ ನೌಕಾಪಡೆಗೆ ಹಾಕಿದ್ರು. ನಾವು ಎಂಟನೇ ಕ್ಲಾಸಲ್ಲಿ ಬೆಂಚ್ ಕೆಳಗೆ ಟಿಫನ್ ತಿಂತಿದ್ದ ವಯಸ್ಸು, ಗುರು. 1780ರಲ್ಲಿ ಕೇಪ್ ಸೇಂಟ್ ವಿನ್ಸೆಂಟ್ ಯುದ್ಧದಲ್ಲಿ ಹಡಗಿನ ಮೇಲಿದ್ದ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಟೈಮಲ್ಲಿ ನ್ಯೂಯಾರ್ಕ್‌ನಲ್ಲಿದ್ದಾಗ ಇವನನ್ನ ಕಿಡ್ನಾಪ್ ಮಾಡೋ ಒಂದು ಪ್ಲಾನ್‌ಗೆ ಸ್ವತಃ ಜಾರ್ಜ್ ವಾಷಿಂಗ್ಟನ್ ಒಪ್ಪಿಗೆ ಕೊಟ್ಟಿದ್ರು. ಅದು ನಡೀಲಿಲ್ಲ ಅಷ್ಟೇ. ಮುಂದೆ ಇಂಗ್ಲೆಂಡಿನ ದೊಡ್ಡ ಹೀರೋ ಆದ ನೆಲ್ಸನ್ ಇವನ ಗೆಳೆಯ. 1787ರಲ್ಲಿ ನೆವಿಸ್ ದ್ವೀಪದಲ್ಲಿ ನೆಲ್ಸನ್ ಮದುವೆ ಆದಾಗ ಹುಡುಗಿಯನ್ನ ಧಾರೆ ಎರೆದು ಕೊಡೋ ಜಾಗದಲ್ಲಿ ನಿಂತವನು ಇವನೇ.

1789ರಲ್ಲಿ ‘ಡ್ಯೂಕ್ ಆಫ್ ಕ್ಲಾರೆನ್ಸ್’ ಅಂತ ಪದವಿ ಸಿಕ್ತು. ವರ್ಷಕ್ಕೆ 12,000 ಪೌಂಡ್. ಕೆಲಸ ಹೇಳ್ಕೊಳ್ಳೋ ಹಾಗೇನಿಲ್ಲ. ಖರ್ಚು ಜಾಸ್ತಿ, ಸಾಲ ಬೇರೆ.

ಇಲ್ಲಿಯವರೆಗೆ ಮಾಮೂಲಿ ರಾಜಕುಮಾರನ ಕಥೆ. ಮುಂದಿನ ಸ್ಲೈಡ್‌ನಿಂದ ನಾನು ಪೆನ್ಸಿಲ್ ಹಿಡ್ಕೊಂಡು ಓದೋಕೆ ಶುರು ಮಾಡಿದ್ದು.

4/10
ಡೊರೊಥಿಯಾ ಜೋರ್ಡನ್. ಈ ಹೆಸರು ನೆನಪಿಟ್ಕೊಳ್ಳಿ.

ಲಂಡನ್ನಿನ ಡ್ರೂರಿ ಲೇನ್ ಥಿಯೇಟರ್‌ನ ಸ್ಟಾರ್ ನಟಿ. ಐರ್ಲೆಂಡ್ ಕಡೆಯ ಬಡ ಕುಟುಂಬ. ಹಾಸ್ಯ ಪಾತ್ರದಲ್ಲಿ ಆಕೆಯನ್ನ ಮೀರಿಸೋರು ಆ ಕಾಲದಲ್ಲಿ ಇರಲಿಲ್ಲ ಅಂತಾರೆ. ವಿಲಿಯಂ ಜೊತೆ ಬರೋ ಮುಂಚೆನೇ ಆಕೆಗೆ ಮಕ್ಕಳಿದ್ರು, ಅವರನ್ನ ಸಾಕೋ ಜವಾಬ್ದಾರಿನೂ ಆಕೆಯದೇ.

1791ರಿಂದ ಇಬ್ಬರೂ ಒಟ್ಟಿಗೆ ಬಾಳಿದ್ರು, ಇಪ್ಪತ್ತು ವರ್ಷ. ಹತ್ತು ಮಕ್ಕಳು: ಐದು ಗಂಡು, ಐದು ಹೆಣ್ಣು. ಮಕ್ಕಳಿಗೆ ‘ಫಿಟ್ಸ್‌ಕ್ಲಾರೆನ್ಸ್’ ಅಂತ ಮನೆತನದ ಹೆಸರು. ಮದುವೆ ಮಾತ್ರ ಇಲ್ಲ. 1772ರ ರಾಜಮನೆತನದ ವಿವಾಹ ಕಾಯ್ದೆ ಪ್ರಕಾರ ರಾಜನ ಒಪ್ಪಿಗೆ ಇಲ್ಲದೆ ಇವನು ಮಾಡ್ಕೊಂಡ ಮದುವೆ ಮದುವೆನೇ ಅಲ್ಲ. ನಾಟಕದ ಹೆಣ್ಣನ್ನ ಸೊಸೆ ಅಂತ ಮೂರನೇ ಜಾರ್ಜ್ ಒಪ್ತಾನಾ? ಚಾನ್ಸೇ ಇಲ್ಲ.

1797ರಲ್ಲಿ ವಿಲಿಯಂನನ್ನ ಬುಷಿ ಪಾರ್ಕ್‌ನ ರೇಂಜರ್ ಅಂತ ನೇಮಿಸಿದ್ರು. ಆ ಕೆಲಸದ ಜೊತೆ ಬಂದ ಮನೆ ಬುಷಿ ಹೌಸ್. ಲಂಡನ್ನಿನಿಂದ ಹೊರಗೆ, ದೊಡ್ಡ ತೋಟ, ಜಿಂಕೆಗಳು. ವಿಲಿಯಂ ಅಲ್ಲಿ ಬೇಸಾಯ ನೋಡ್ಕೊಳ್ತಿದ್ದ, ಮಕ್ಕಳು ಓಡಾಡ್ತಿದ್ವು. ಅವನು ಒಳ್ಳೇ ಅಪ್ಪ ಅನ್ನೋದರಲ್ಲಿ ಯಾರಿಗೂ ಡೌಟ್ ಇಲ್ಲ.

ಸೈಡ್ ನೋಟ್: ಈಗ ಬುಷಿ ಹೌಸ್ ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಗೆ ಸೇರಿದೆ. 1955ರಲ್ಲಿ ಮೊದಲ ಸೀಸಿಯಂ ಪರಮಾಣು ಗಡಿಯಾರ ಮಾಡಿದ್ದು ಅದೇ ಸಂಸ್ಥೆ. ಸೈನ್ಸ್‌ನವರು ಖುಷಿ ಪಡಿ.

5/10
ಈಗ ನಮ್ಮ ಸಬ್ಜೆಕ್ಟಿಗೆ ಬರೋಣ. ಬುಷಿ ಮನೆ ಓಡ್ತಿದ್ದದ್ದು ಯಾರ ದುಡ್ಡಲ್ಲಿ?

ಡ್ಯೂಕ್‌ಗೆ 12,000 ಬರ್ತಿತ್ತು, ಸಾಲಕ್ಕೂ ಶೋಕಿಗೂ ಸಾಕಾಗ್ತಿರಲಿಲ್ಲ. ಜೋರ್ಡನ್ ಮಾತ್ರ ಇಪ್ಪತ್ತು ವರ್ಷನೂ ದುಡಿದಳು. ಲಂಡನ್ನಿನಲ್ಲಿ ನಾಟಕ, ಸೀಸನ್ ಮುಗಿದ ಮೇಲೆ ಕುದುರೆ ಗಾಡಿಯಲ್ಲಿ ಊರೂರು ತಿರುಗಿ ನಾಟಕ. ಗರ್ಭಿಣಿ ಆದಾಗಲೂ ರಂಗದ ಮೇಲೆ. ಬಾಣಂತನ ಮುಗಿಸಿ ಮತ್ತೆ ಅಲ್ಲಿಗೇ. ಬಂದ ದುಡ್ಡಲ್ಲಿ ಮನೆಗೂ ಕೊಟ್ಟಳು, ಅವನಿಗೂ ಕೊಟ್ಟಳು.

ಇದು ಗುಟ್ಟಾಗಿರಲಿಲ್ಲ. ಅವಳನ್ನ ಇವನು ಇಟ್ಕೊಂಡಿದ್ದಾನಾ, ಇವನನ್ನ ಅವಳು ಇಟ್ಕೊಂಡಿದ್ದಾಳಾ ಅಂತ ಆ ಕಾಲದ ಲೇವಡಿ ಪದ್ಯಗಳು ಬಹಿರಂಗವಾಗೇ ಕೇಳ್ತಿದ್ವು. ಜನ ನಕ್ಕರು. ಅಂದ್ರೆ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಅದು ಜೋಕ್ ಆಗಿಯೇ ಉಳೀತು.

ಫಸ್ಟ್ ಸೆಮ್‌ನಲ್ಲಿ ನಮಗೆ ಅಕೌಂಟ್ಸ್ ಮೇಡಂ ಹೇಳಿದ್ದು ನೆನಪಿದೆಯಾ? ವ್ಯಾಪಾರಕ್ಕೆ ಯಾರು ದುಡ್ಡು ಹಾಕಿದ್ರೋ ಅವರ ಹೆಸರಲ್ಲಿ ಕ್ಯಾಪಿಟಲ್ ಅಕೌಂಟ್ ಇರಲೇಬೇಕು. ಈ ಮನೆಯಲ್ಲಿ ದುಡ್ಡು ಹಾಕಿದವಳ ಹೆಸರಲ್ಲಿ ಅಕೌಂಟೇ ಇರಲಿಲ್ಲ. ಹೆಂಡತಿ ಅಲ್ಲ, ಪಾಲುದಾರಳೂ ಅಲ್ಲ, ಮನೆ ಅವಳದ್ದಲ್ಲ. ದುಡಿಮೆ ಮಾತ್ರ ಅವಳದ್ದು.

6/10
1811, ಅಕ್ಟೋಬರ್. ಜೋರ್ಡನ್ ಚೆಲ್ಟನ್‌ಹ್ಯಾಮ್ ಅನ್ನೋ ಊರಲ್ಲಿ ನಾಟಕ ಆಡ್ತಿದ್ದಳು. ವಿಲಿಯಂನಿಂದ ಒಂದು ಪತ್ರ ಬಂತು: ಭೇಟಿ ಆಗಬೇಕು, ಬೇರೆ ಆಗೋಣ. ಓದಿದ ಮೇಲೂ ಆ ಸಂಜೆ ಅವಳು ರಂಗಕ್ಕೆ ಹೋದಳು. ನಗಬೇಕಾದ ದೃಶ್ಯದಲ್ಲಿ ಅತ್ತುಬಿಟ್ಟಳು ಅಂತ ಅವಳ ಜೀವನಚರಿತ್ರೆ ಬರೆದವರು ದಾಖಲಿಸಿದ್ದಾರೆ.

ಕಾರಣ? ಸಾಲ. ದುಡ್ಡಿರೋ ಹುಡುಗಿಯನ್ನ ಮದುವೆ ಆದ್ರೆ ಎಲ್ಲ ತೀರುತ್ತೆ ಅನ್ನೋ ಲೆಕ್ಕ. ಕ್ಯಾಥರೀನ್ ಟಿಲ್ನಿ ಲಾಂಗ್ ಅಂತ ಒಬ್ಬ ಶ್ರೀಮಂತ ಹುಡುಗಿ ಹಿಂದೆ ಬಿದ್ದ. ಅವಳು ಆಗಲ್ಲ ಅಂದಳು. (ಇಲ್ಲಿ ನಾನು ಲೈಬ್ರರಿಯಲ್ಲೇ ಸಣ್ಣಗೆ ಚಪ್ಪಾಳೆ ತಟ್ಟಿದೆ.)

ಬೇರೆ ಆಗುವಾಗ ಒಂದು ಒಪ್ಪಂದ ಆಯ್ತು, ವರ್ಷಕ್ಕೆ 4,400 ಪೌಂಡ್. ಅದರ ಬಿಡಿ ಲೆಕ್ಕ ಇದೆ:

ನಾಲ್ಕು ಹೆಣ್ಣುಮಕ್ಕಳ ಪಾಲನೆಗೆ 1,500
ಮನೆ ಮತ್ತು ಗಾಡಿಗೆ 600
ಜೋರ್ಡನ್ ಸ್ವಂತಕ್ಕೆ 1,500
ಅವಳ ಮೊದಲಿನ ಹೆಣ್ಣುಮಕ್ಕಳಿಗೆ 800

ಕೂಡಿ ನೋಡಿ, ಟ್ಯಾಲಿ ಆಗುತ್ತೆ. ಕಮ್ಮಿ ದುಡ್ಡೇನಲ್ಲ. ಆದರೆ ಕೆಳಗೆ ಒಂದು ಷರತ್ತು: ಜೋರ್ಡನ್ ಮತ್ತೆ ನಾಟಕಕ್ಕೆ ಹೋದ್ರೆ ಆ ನಾಲ್ಕು ಹೆಣ್ಣುಮಕ್ಕಳೂ ಅವರ 1,500 ಪೌಂಡೂ ಡ್ಯೂಕ್‌ಗೆ ವಾಪಸ್.

ಇನ್ನೊಂದು ಸಲ ಓದಿ. ಇಪ್ಪತ್ತು ವರ್ಷ ಯಾವ ದುಡಿಮೆಯಲ್ಲಿ ಮನೆ ನಡೀತೋ, ಅದೇ ದುಡಿಮೆಗೆ ಈಗ ದಂಡ. ದುಡಿದ್ರೆ ಮಕ್ಕಳು ಇಲ್ಲ.

7/10
ಮೂರು ವರ್ಷದೊಳಗೆ ಆ ದಂಡ ಬಿತ್ತು.

ಅಳಿಯನೊಬ್ಬ ಸಾಲದಲ್ಲಿ ಮುಳುಗಿದ. ಜೋರ್ಡನ್ ಜವಾಬ್ದಾರಿ ಹೊತ್ತಳು. ಆ ಸಾಲ ತೀರಿಸೋಕೆ ಅವಳಿಗೆ ಗೊತ್ತಿದ್ದ ದಾರಿ ಒಂದೇ. ಮತ್ತೆ ರಂಗ ಹತ್ತಿದಳು. ಹೆಣ್ಣುಮಕ್ಕಳನ್ನ ಡ್ಯೂಕ್ ಕಡೆಯವರು ಕರ್ಕೊಂಡು ಹೋದ್ರು.

1815ರಲ್ಲಿ ಸಾಲಗಾರರಿಗೆ ಹೆದರಿ ಫ್ರಾನ್ಸಿಗೆ ಹೋದಳು. 1816ರ ಜುಲೈ 5ರಂದು ಪ್ಯಾರಿಸ್ ಹತ್ತಿರದ ಸೇಂಟ್ ಕ್ಲೂ ಅನ್ನೋ ಊರಲ್ಲಿ ತೀರಿಕೊಂಡಳು. ಲಂಡನ್ನಿನ ಅಷ್ಟು ದೊಡ್ಡ ನಟಿ, ಅಷ್ಟು ಮಕ್ಕಳನ್ನ ಹೆತ್ತವಳು. ಹತ್ತಿರ ಒಬ್ಬ ಮಗನೂ ಇರಲಿಲ್ಲ, ಮಗಳೂ ಇರಲಿಲ್ಲ. ಅಲ್ಲೇ ಮಣ್ಣು ಮಾಡಿದ್ರು.

ಈ ಪ್ಯಾರಾ ಓದಿ ಬುಕ್ ಮುಚ್ಚಿ ಮನೆಗೆ ಹೋದೆ. ಅಮ್ಮ ಮೆಷಿನ್ ಮುಂದೆ ಕೂತಿದ್ರು. ರಾತ್ರಿ ಎಂಟೂವರೆ. ಹಬ್ಬದ ಸೀಸನ್, ಬ್ಲೌಸ್ ಅರ್ಜೆಂಟ್. “ಊಟ ಮುಚ್ಚಿಟ್ಟಿದ್ದೀನಿ, ಬಡಿಸ್ಕೊ” ಅಂದ್ರು, ತಲೆ ಎತ್ತದೆ.

ಯಾಕೆ ಇದನ್ನ ಇಲ್ಲಿ ಹೇಳ್ತಿದ್ದೀನಿ ಅಂತ ಕೊನೇ ಸ್ಲೈಡ್‌ನಲ್ಲಿ ಗೊತ್ತಾಗುತ್ತೆ.

8/10
ಈ ಕಡೆ ಅರಮನೆಯಲ್ಲಿ ಬೇರೆ ತಲೆನೋವು. 1817ರ ನವೆಂಬರ್‌ನಲ್ಲಿ ಅಣ್ಣನ ಒಬ್ಬಳೇ ಮಗಳು ಶಾರ್ಲಟ್ ಹೆರಿಗೆಯಲ್ಲಿ ತೀರಿಕೊಂಡಳು. ಮೂರನೇ ಜಾರ್ಜ್‌ಗೆ ಅಷ್ಟು ಮಕ್ಕಳಿದ್ರೂ ಮುಂದಿನ ತಲೆಮಾರಲ್ಲಿ ಸಿಂಹಾಸನಕ್ಕೆ ಹಕ್ಕಿರೋ ಒಂದು ಮಗು ಇಲ್ಲ! ಐವತ್ತರ ಆಸುಪಾಸಿನ ರಾಜಕುಮಾರರೆಲ್ಲ ಹೆಣ್ಣು ಹುಡುಕೋಕೆ ಓಡಿದ್ರು.

1818ರ ಜುಲೈನಲ್ಲಿ ಕ್ಯೂ ಅರಮನೆಯಲ್ಲಿ ಒಂದೇ ದಿನ ಎರಡು ಮದುವೆ. ವಿಲಿಯಂಗೆ ಜರ್ಮನಿಯ ಸಾಕ್ಸ್ ಮೈನಿಂಗನ್‌ನ ಅಡಿಲೇಡ್, ತಮ್ಮ ಎಡ್ವರ್ಡ್‌ಗೆ ಇನ್ನೊಬ್ಬ ಜರ್ಮನ್ ರಾಜಕುಮಾರಿ. ವಿಲಿಯಂಗೆ 52, ಅಡಿಲೇಡ್‌ಗೆ 25.

ಅಡಿಲೇಡ್‌ಳ ಮೊದಲ ಮಗಳು 1819ರ ಮಾರ್ಚ್‌ನಲ್ಲಿ ಹುಟ್ಟಿದ ದಿನವೇ ಹೋಯ್ತು. ಎರಡನೇ ಮಗಳು ಎಲಿಜಬೆತ್ 1820ರ ಡಿಸೆಂಬರ್‌ನಲ್ಲಿ ಹುಟ್ಟಿ, ಮೂರು ತಿಂಗಳೂ ತುಂಬದೆ ಹೋದಳು. 1822ರಲ್ಲಿ ಅವಳಿ ಮಕ್ಕಳು, ಹುಟ್ಟುವಾಗಲೇ ಜೀವ ಇರಲಿಲ್ಲ. ಇಷ್ಟಾದ್ರೂ ಗಂಡನ ಹತ್ತು ಮಕ್ಕಳನ್ನ ಅವಳು ಬೇರೆಯವರ ಥರ ನೋಡಲಿಲ್ಲ. ಅವರೂ ಅವಳ ಮನೆಯಲ್ಲೇ ಓಡಾಡಿಕೊಂಡು ಇದ್ರು. ಆಸ್ಟ್ರೇಲಿಯಾದಲ್ಲಿ ಕ್ರಿಕೆಟ್ ಮ್ಯಾಚ್ ನೋಡ್ತೀವಲ್ಲ ಅಡಿಲೇಡ್, ಆ ಊರಿಗೆ 1836ರಲ್ಲಿ ಇಟ್ಟಿದ್ದು ಇವಳ ಹೆಸರೇ.

ಎಡ್ವರ್ಡ್ ಮನೆಯಲ್ಲಿ 1819ರಲ್ಲಿ ಒಂದು ಹೆಣ್ಣು ಹುಟ್ಟಿ ಬದುಕಿತು. ಅವಳೇ ವಿಕ್ಟೋರಿಯಾ, ಅಜ್ಜಿಯ ಉಳಿದ ಆರು ರೂಪಾಯಿಯ ರಾಣಿ.

9/10
1827ರಲ್ಲಿ ಎರಡನೇ ಅಣ್ಣ, 1830ರ ಜೂನ್ 26ರಂದು ದೊಡ್ಡಣ್ಣ ನಾಲ್ಕನೇ ಜಾರ್ಜ್ ತೀರಿಕೊಂಡ್ರು. 64ನೇ ವಯಸ್ಸಿಗೆ ವಿಲಿಯಂ ರಾಜ.

ಈಗ ನೋಡಿ ತಮಾಷೆ. ಅಣ್ಣ ಮಹಾ ದುಂದುಗಾರ. ಬ್ರೈಟನ್‌ನಲ್ಲಿ ಗುಮ್ಮಟಗಳ ಅರಮನೆ, ಲಂಡನ್ನಿನಲ್ಲಿ ಬಕಿಂಗ್‌ಹ್ಯಾಮ್ ಹೌಸನ್ನ ಒಡೆದು ಕಟ್ಟಿಸ್ತಿದ್ದ ಹೊಸ ಅರಮನೆ. ಅಣ್ಣನ ಪಟ್ಟಾಭಿಷೇಕಕ್ಕೆ ಸುಮಾರು 2,40,000 ಪೌಂಡ್ ಖರ್ಚಾಗಿತ್ತು. ತಮ್ಮ 1831ರ ಸೆಪ್ಟೆಂಬರ್ 8ರಂದು ಸುಮಾರು 30,000ದಲ್ಲಿ ಮುಗಿಸಿದ. ಆಗ ‘ಹಾಫ್ ಕ್ರೌನ್’ ಅಂತ ಎರಡೂವರೆ ಶಿಲ್ಲಿಂಗ್‌ನ ನಾಣ್ಯ ಇತ್ತು. ಜನ ಇದನ್ನ ‘ಹಾಫ್ ಕ್ರೌನೇಷನ್’ ಅಂತ ಆಡ್ಕೊಂಡ್ರು.

ಬಕಿಂಗ್‌ಹ್ಯಾಮ್ ಅರಮನೆಗೆ ಅವನು ಹೋಗಲೇ ಇಲ್ಲ. ಸೈನಿಕರಿಗೆ ಬ್ಯಾರಕ್ ಮಾಡಿ ಅಂದ. 1834ರಲ್ಲಿ ಪಾರ್ಲಿಮೆಂಟ್ ಕಟ್ಟಡ ಸುಟ್ಟು ಹೋದಾಗ, ಇದನ್ನೇ ತಗೊಳ್ಳಿ ಅಂದ. ಅವರೂ ಬೇಡ ಅಂದ್ರು. ಲಂಡನ್ನಿನಲ್ಲಿ ಅವನಿದ್ದಿದ್ದು 1827ರ ಹೊತ್ತಿಗೆ ಜಾನ್ ನ್ಯಾಶ್ ಕಟ್ಟಿಕೊಟ್ಟಿದ್ದ ಕ್ಲಾರೆನ್ಸ್ ಹೌಸ್‌ನಲ್ಲೇ.

ಇದನ್ನೆಲ್ಲ ಓದಿ ಇವನು ಸಿಂಪಲ್ ಮನುಷ್ಯ ಅಂತ ಇಷ್ಟ ಪಡೋಕೆ ಹೊರಟೆ. ಆಮೇಲೆ ಇನ್ನೊಂದು ಸಿಕ್ತು. 1799ರಲ್ಲಿ ಇವನು ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಎದ್ದು ನಿಂತು ಗುಲಾಮರ ವ್ಯಾಪಾರದ ಪರ ಮಾತಾಡಿದ್ದ. ಮುಂದೆ 1833ರ ಗುಲಾಮಗಿರಿ ರದ್ದತಿ ಕಾಯ್ದೆಗೆ ಅಂಕಿತ ಬಿದ್ದಿದ್ದು ಇವನ ಕಾಲದಲ್ಲೇ. ಪರಿಹಾರ ಅಂತ ಎರಡು ಕೋಟಿ ಪೌಂಡ್ ಕೊಟ್ರು. ಯಾರಿಗೆ? ದುಡಿದವರಿಗಲ್ಲ, ಮಾಲೀಕರಿಗೆ.

ದುಡಿದವರ ಹೆಸರು ಲೆಕ್ಕದಲ್ಲಿ ಬರಲ್ಲ ಅನ್ನೋದು ಒಂದು ಮನೆಯ ಕಥೆ ಅಲ್ಲ, ನೋಡಿ.

10/10
ರಾಜನಾದ ಮೇಲೆ ವಿಲಿಯಂ ಒಂದು ಕೆಲಸ ಮಾಡಿದ. ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿಯನ್ನ ಕರೆಸಿ ಜೋರ್ಡನ್‌ಳ ಅಮೃತಶಿಲೆ ಪ್ರತಿಮೆ ಮಾಡಿಸಿದ. ಇಬ್ಬರು ಮಕ್ಕಳ ಜೊತೆ ಕೂತ ತಾಯಿ. ಅವಳು ಸತ್ತು ಹದಿನೆಂಟು ವರ್ಷ ಆದ ಮೇಲೆ, 1834ರಲ್ಲಿ ಮುಗೀತು. ಹಿರಿಮಗ ಜಾರ್ಜ್‌ಗೆ ಅರ್ಲ್ ಪದವಿ ಕೊಟ್ಟ. 1837ರ ಏಪ್ರಿಲ್‌ನಲ್ಲಿ ಹಿರಿಮಗಳು ಸೋಫಿಯಾ ತೀರಿಕೊಂಡಾಗ ಕುಸಿದುಹೋದ. ಅದೇ ವರ್ಷ ಜೂನ್ 20ರಂದು ವಿಂಡ್ಸರ್ ಕೋಟೆಯಲ್ಲಿ ಕಣ್ಣು ಮುಚ್ಚಿದ. ಪಟ್ಟ 18 ವರ್ಷದ ವಿಕ್ಟೋರಿಯಾಗೆ.

ಜೋರ್ಡನ್ ಪ್ರತಿಮೆ ಈಗ ಇರೋದು ಎಲ್ಲಿ ಗೊತ್ತಾ? ವಿಲಿಯಂ ಬೇಡ ಅಂದ ಬಕಿಂಗ್‌ಹ್ಯಾಮ್ ಅರಮನೆಯಲ್ಲೇ.

ಪ್ರತಿಮೆ ಚೆನ್ನಾಗಿದೆ. ಆದರೆ ಅವಳು ಬದುಕಿದ್ದಾಗ ಆ 1,500 ಪೌಂಡಿನ ಷರತ್ತನ್ನ ಅಳಿಸಿದ್ರೆ ಸಾಕಿತ್ತು ಅನ್ಸುತ್ತೆ ನನಗೆ.

ಈಗ ನನ್ನ ತಪ್ಪು. ಕಳೆದ ವರ್ಷ ಸ್ಕಾಲರ್‌ಶಿಪ್ ಫಾರ್ಮ್‌ನಲ್ಲಿ ‘ತಾಯಿಯ ಉದ್ಯೋಗ’ ಅನ್ನೋ ಕಡೆ ‘ಗೃಹಿಣಿ’, ಆದಾಯ ಅನ್ನೋ ಕಡೆ ‘ಇಲ್ಲ’ ಅಂತ ಬರೆದಿದ್ದೆ. ಒಂದು ಸೆಕೆಂಡೂ ಯೋಚನೆ ಮಾಡದೆ. ಅಪ್ಪನ ಅಂಗಡಿ ನಡೀದೇ ಇದ್ದ ವರ್ಷ ನನ್ನ ಸೆಕೆಂಡ್ ಇಯರ್ ಫೀಸು ಕಟ್ಟಿದ್ದು ಅಮ್ಮ. ಬ್ಲೌಸ್, ಫಾಲು, ಸೀರೆ ಕುಚ್ಚಿನ ದುಡ್ಡಲ್ಲಿ.

ಈ ಸಲ ರಿನ್ಯೂವಲ್ ಫಾರ್ಮ್ ಬಂತು. ಅಮ್ಮನ ಉದ್ದ ನೋಟ್‌ಬುಕ್ ಇಸ್ಕೊಂಡು ಕೂತೆ. ಯಾರ ಬ್ಲೌಸು, ಎಷ್ಟು ಕೊಟ್ರು, ಎಷ್ಟು ಬಾಕಿ, ಎಲ್ಲ ಇದೆ. ಒಂದು ವರ್ಷದ್ದು ಕೂಡಿದೆ, ದಾರ, ಲೈನಿಂಗ್ ಖರ್ಚು ಕಳೆದೆ. 61,340 ರೂಪಾಯಿ. ಅಪ್ಪ ಎರಡು ಸಲ ಕೇಳಿದ್ರು, “ಇಷ್ಟಾ?” ಅಂತ. ಅಮ್ಮ ಮಾತ್ರ, “ಅದೆಲ್ಲ ಉದ್ಯೋಗನಾ? ಬರೀಬೇಡ, ಸ್ಕಾಲರ್‌ಶಿಪ್ ಹೋದ್ರೆ ಏನ್ಮಾಡ್ತೀಯ?” ಅಂದ್ರು. ಭಯ ನನಗೂ ಇತ್ತು. ಅಪ್ಪನದ್ದೂ ಸೇರಿಸಿ ಮೂರು ಸಲ ಲೆಕ್ಕ ಹಾಕಿದೆ, ಮಿತಿಯೊಳಗೇ ಇದೆ.

ತಾಯಿಯ ಉದ್ಯೋಗ: ಟೈಲರಿಂಗ್. ಹಾಗಂತ ಬರೆದು ಕೊಟ್ಟು ಬಂದೆ. ಇನ್ನೂ ಅಪ್ರೂವ್ ಆಗಿಲ್ಲ. ಆದಾಗ ಸ್ಟೋರಿ ಹಾಕ್ತೀನಿ.

ನಾಣ್ಯ ವಾಪಸ್ ಡಬ್ಬಿ ಸೇರಿದೆ. ಅಜ್ಜಿ ಈಗಲೂ ಅದನ್ನ ರಾಣಿ ರೂಪಾಯಿ ಅಂತಾನೇ ಕರೀತಾರೆ. ನಾನು ತಿದ್ದೋದು ಬಿಟ್ಟೆ.

ನಿಮ್ಮ ಮನೆ ಡಬ್ಬಿಲಿ ಹಳೇ ರೂಪಾಯಿ ಇದ್ರೆ ಯಾರ ಮುಖ, ಯಾವ ಇಸವಿ ಅಂತ ಕಮೆಂಟ್ ಮಾಡಿ. ಹಾಗೇ ಫಾರ್ಮ್‌ನಲ್ಲಿ ಅಮ್ಮನ ಉದ್ಯೋಗ ಏನಂತ ಬರೆದಿದ್ದೀರಾ, ಅದನ್ನೂ ಹೇಳಿ. ಬೈಯಲ್ಲ, ನಾನೂ ಬರೆದಿದ್ದೆ.

#ಅಜ್ಜಿಯಡಬ್ಬಿ #ಹಳೇನಾಣ್ಯ #ಬಿಕಾಂಹುಡುಗರು #ಕನ್ನಡದಲ್ಲಿಇತಿಹಾಸ